ಗುಡ್ಡದ ಎಡ ಹೆಗಲು

ರಬ್ಬರಕ್ಕನ ಎದುರು ಮುಖ ಕೊಟ್ಟು ಕೂರುವ ಧೈರ್ಯ ಊರಿನಲ್ಲಿ ಬಹಳ ಜನಕ್ಕೆ ಇರಲಿಲ್ಲ. ಯಾರ ಮುಖ ಕಂಡರೂ ಅದರಲ್ಲಿ ಏನನ್ನು ತೆಗೆಯಬೇಕು ಎಂದೇ ಅವಳು ಮೊದಲು ನೋಡುತ್ತಿದ್ದದ್ದು. “ಈ ಗುಳ್ಳೆ ಇರ್ಲೋ ಹೋಗ್ಲೋ? ಗದ್ದದ ಕೆಳಗೆ ಇನ್ನೊಂದು ಗದ್ದ ಇದೆಯಲ್ಲ, ಅದು?” ಎಂದು ಸ್ಟುಡಿಯೋದಲ್ಲಿ ನಾಲ್ಕು ಜನರ ಮುಂದೆ ಕೇಳುವಳು. ಕೇಳಿಸಿಕೊಂಡವರು ಹಲ್ಲು ಕಡಿದುಕೊಂಡು “ಹೋಗ್ಲಿ” ಎನ್ನುವರು. ಫೋಟೋ ಕೈಗೆ ಬಂದಾಗ ಮಾತ್ರ ಬಯ್ಯಲು ಬಾಯಿ ಬರುತ್ತಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿರುತ್ತಿದ್ದಳು. ಗುಳ್ಳೆ ಇತ್ತು ಎಂಬುದು ಗುಳ್ಳೆಯ ಯಜಮಾನರಿಗೇ ಮರೆತುಹೋಗಬೇಕು, ಹಾಗೆ.

ಅವಳಿಗೆ ಸ್ವಂತ ಹೆಸರೊಂದು ಇತ್ತು. ಅದನ್ನು ಕರೆಯುವವರು ಇರಲಿಲ್ಲ, ಅಷ್ಟೆ. ಮದುವೆಯಾಗಿ ಹೋದ ಮನೆಯಲ್ಲಿ “ಏ” ಎನ್ನುತ್ತಿದ್ದರು. ಅಲ್ಲಿಂದ ಒಂದು ಮಧ್ಯಾಹ್ನ ಸೂಟ್‌ಕೇಸ್ ಹಿಡಿದು ಅಣ್ಣನ ಮನೆಗೆ ಬಂದಳು. ಯಾಕೆ ಬಂದಳು ಎಂದು ಅವಳು ಹೇಳಲಿಲ್ಲ. ಊರು ಸುಮ್ಮನಿರುತ್ತದೆಯೇ, ಮೂರು ಕಾರಣ ಹುಟ್ಟಿಸಿತು. ಕೇಳಿದವರ ಬಾಯಿ ಮುಚ್ಚಲಿ ಎಂದು ಅವಳು ಮೂರನ್ನೂ ಒಪ್ಪಿಕೊಂಡಳು. ಅಣ್ಣ ಅವಳನ್ನು ತನ್ನ ಸ್ಟುಡಿಯೋದ ಹಿಂಭಾಗದಲ್ಲಿ, ಪ್ಲೈವುಡ್ ಗೋಡೆಯ ಆಚೆ, ಒಂದು ಸ್ಟೂಲು ಹಾಕಿ ಕಂಪ್ಯೂಟರ್ ಮುಂದೆ ಕೂರಿಸಿದ. ಮುಂಭಾಗದಲ್ಲಿ ನೀಲಿ ಪರದೆ, ದಾರ ಕಟ್ಟಿ ಕನ್ನಡಿಗೆ ನೇತುಹಾಕಿದ ಬಾಚಣಿಗೆ, ಛತ್ರಿಯಂಥ ಎರಡು ದೀಪ. ಅವನು ಅಲ್ಲಿ ತೆಗೆಯುವನು, ಇವಳು ಇಲ್ಲಿ ಅಳಿಸುವಳು. ಗುಳ್ಳೆ, ಸುಕ್ಕು, ಕರೆಂಟು ಕಂಬ, ತಂತಿ, ಗುಂಪು ಫೋಟೋದಲ್ಲಿ ಜಗಳವಾಡಿಕೊಂಡು ಬೇಡವಾದ ಅಳಿಯ. ಹಾಗಾಗಿ ರಬ್ಬರಕ್ಕ.

ಅಣ್ಣನಿಗೂ ಊರು ಒಂದು ಹೆಸರಿಟ್ಟಿತ್ತು, ಗುಡ್ಡಪ್ಪ. ಅದನ್ನು ಅವನು ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದ. ಪ್ರತಿ ವರ್ಷ ಚಳಿ ಬಿದ್ದ ಮೇಲೆ ಒಂದು ಮುಂಜಾವು ಕೆರೆ ಏರಿಯ ಮೇಲೆ, ತಾನೇ ಹೊಡೆದಿಟ್ಟ ಗೂಟದ ಪಕ್ಕ ಕ್ಯಾಮೆರಾ ನಿಲ್ಲಿಸಿ, ಊರಾಚೆಯ ಗುಡ್ಡದ ಫೋಟೋ ತೆಗೆಯುತ್ತಿದ್ದ. ಅದು ಹೊಸ ವರ್ಷದ ಕ್ಯಾಲೆಂಡರ್ ಆಗುತ್ತಿತ್ತು. ಗೋಡೆಗೆ ಮೊಳೆ ಹೊಡೆಯಲು ಬರುವವರೆಲ್ಲ ಅದನ್ನು ತೂಗುಹಾಕಿಕೊಳ್ಳುತ್ತಿದ್ದರು. ಮಂಜು, ಮೇಲೆ ಕಿತ್ತಳೆ ಬೆಳಕು, ನಡುವೆ ನಿದ್ದೆಯಲ್ಲಿ ಮಗ್ಗುಲಾದ ದೊಡ್ಡ ಪ್ರಾಣಿಯ ಹಾಗೆ ಗುಡ್ಡ. ಅದರ ಎಡ ಹೆಗಲು ಇಳಿದುಬರುವ ಚೆಂದವೇ ಚೆಂದ ಎಂದು ಕ್ಷೌರದಂಗಡಿಯಲ್ಲಿ ಕೂತವರೂ ಹೇಳುತ್ತಿದ್ದರು.

ಆ ಎಡ ಹೆಗಲು ಇರಲಿಲ್ಲ.

ಗುಡ್ಡದ ಹಿಂದೆ ಕಲ್ಲುಗಣಿ ಶುರುವಾಗಿ ಬಹಳ ಕಾಲವಾಗಿತ್ತು. ಒಂದು ವರ್ಷ ಅದು ಹಿಂದಿನಿಂದ ತಿನ್ನುತ್ತ ಬಂದು ಎಡ ಹೆಗಲಿನಲ್ಲಿ ಒಂದು ಕಚ್ಚು ಕಾಣಿಸಿತು. ಗುಡ್ಡಪ್ಪ ಪರದೆಯ ಮೇಲೆ ಅದನ್ನು ನೋಡಿ, “ಅಲ್ಲಿ ಸ್ವಲ್ಪ ತುಂಬಿಸಿಬಿಡೇ. ಹೊಸ ವರ್ಷದ ದಿನ ಜನ ಗಾಯ ನೋಡ್ಬೇಕಾ?” ಎಂದ. ತಂಗಿ ಬಲ ಹೆಗಲಿನ ಒಂದು ತುಂಡು ಎತ್ತಿ, ಮಗುಚಿ, ಎಡಕ್ಕೆ ಅಂಟಿಸಿದಳು. ಮಾರನೆಯ ವರ್ಷ ಕಚ್ಚು ದೊಡ್ಡದಾಗಿತ್ತು. ಅವನು ಏನೂ ಹೇಳಲಿಲ್ಲ, ಅವಳು ಕೇಳದೆ ತುಂಬಿದಳು. ಆಮೇಲೆ ಆ ಮಾತು ಅವರಿಬ್ಬರ ನಡುವೆ ಬರಲೇ ಇಲ್ಲ. ಅಂಟಿಸಲು ಬಲ ಹೆಗಲು ಸಾಲದಾದಾಗ ಅವಳು ಕೈಯಲ್ಲೇ ಬರೆಯತೊಡಗಿದಳು. ಬಂಡೆ, ಹುಲ್ಲು, ಇಳಿಜಾರು, ಎಲ್ಲ. ಅತ್ತಿಗೆಯ ಜೊತೆ ಹೆಚ್ಚು ಜಗಳವಾದ ವರ್ಷ ಇಳಿಜಾರು ಕಡಿದಾಗುತ್ತಿತ್ತು. ಯಾರೂ ಗಮನಿಸಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂದು ಗಾದೆ ಮಾಡಿದವರಿಗೆ, ನುಣ್ಣಗೆ ಮಾಡುವವರೂ ಒಬ್ಬರು ಕೂತಿರುತ್ತಾರೆ ಎಂದು ಗೊತ್ತಿರಲಿಲ್ಲ.

ಊರಿಗೆ ಕಣ್ಣಿರಲಿಲ್ಲವೇ ಎಂದು ಕೇಳಬಹುದು. ಇತ್ತು. ದಿನಾ ಕಾಣುವ ಮುಖದಲ್ಲಿ ಕೂದಲು ನೆರೆತದ್ದು ತಿಳಿಯುವುದಿಲ್ಲ. ಅದರ ಮೇಲೆ ಹೊಸ ಕಟ್ಟಡಗಳು ಅಡ್ಡ ಬಂದವು, ಧೂಳು ಬಂತು, ಗುಡ್ಡ ನೋಡಬೇಕೆನಿಸಿದವರಿಗೆ ಗೋಡೆಯ ಮೇಲೇ ಇತ್ತು. ಗುಡ್ಡಪ್ಪನ ಕಥೆ ಇನ್ನೂ ವಿಚಿತ್ರ. ಅವನ ಕಣ್ಣು ಮಂದವಾಗುತ್ತ ಬಂದಿತ್ತು. ಕನ್ನಡಕ ಹಾಕಿದರೆ ಕ್ಯಾಮೆರಾಕ್ಕೆ ಕಣ್ಣಿಡಲು ಆಗುವುದಿಲ್ಲ ಎಂದು ಅದನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಗೂಟ ಅದೇ, ಕೋನ ಅದೇ, ಕತ್ತಲಲ್ಲಿ ಕಪ್ಪಗೆ ಏನೋ ಇದೆ, ಗುಂಡಿ ಒತ್ತಿದರಾಯಿತು. ಕ್ಯಾಮೆರಾದ ಮೆಮೊರಿ ಕಾರ್ಡು ತಂದು ತಂಗಿಯ ಮೇಜಿನ ಮೇಲೆ ಎಸೆಯುವನು. ಮುಂದೆ ಅವನು ಗುಡ್ಡವನ್ನು ಕಾಣುತ್ತಿದ್ದದ್ದು ಕ್ಯಾಲೆಂಡರ್ ಅಚ್ಚಾಗಿ ಬಂದಾಗಲೇ. ಹೀಗೆ ವರ್ಷಗಟ್ಟಲೆ ನಡೆದು, ಗುಡ್ಡ ಕ್ಯಾಲೆಂಡರಿನಲ್ಲಿ ಇದ್ದ ಹಾಗೆಯೇ ಇದೆ ಎಂದು ಅವನು ನಂಬಿಬಿಟ್ಟಿದ್ದ. ಸುಳ್ಳನ್ನು ಹೇಳಿಸಿದವನೇ ಅದನ್ನು ಮೊದಲು ನಂಬಿದ.

ಅಣ್ಣ ತಂಗಿಯದು ಎಣ್ಣೆ ಸೀಗೆಕಾಯಿ ಸಂಬಂಧ. “ಅನ್ನ ಹಾಕ್ತಿರೋನು ನಾನು” ಎಂದು ಅವನು ವಾರಕ್ಕೆರಡು ಸಲವಾದರೂ ಅನ್ನುವನು. “ಅನ್ನ ಬೇಯಿಸ್ತಿರೋಳು ನಾನು” ಎಂದು ಅತ್ತಿಗೆ ಬಾಗಿಲ ಆಚೆಯಿಂದ ಸೇರಿಸುವಳು. “ತಿಂದು ಅರಗಿಸ್ಕೊಳ್ತಿರೋದು ನಾನು, ಅದೇ ಕಷ್ಟದ ಕೆಲಸ” ಎಂದು ರಬ್ಬರಕ್ಕ ತಟ್ಟೆ ತೊಳೆಯಲು ಏಳುವಳು. ಇಂಥ ಮನೆ.

ಆ ದಿನ ಬ್ಯಾಂಕಿನ ಅಧಿಕಾರಿಯೊಬ್ಬರು ತಮ್ಮ ಕಚೇರಿಗೆ ಗುಡ್ಡದ ದೊಡ್ಡ ಪ್ರಿಂಟು ಬೇಕೆಂದು ಬಂದಿದ್ದರು. ಗುಡ್ಡಪ್ಪ ಪ್ರಿಂಟು ಬಿಚ್ಚಿ ಹಿಡಿದು, ಕೂಡಲೇ ಕೂಗಿದ: “ಏನೇ ಇದು? ಗುಡ್ಡದ ಬುಡದಲ್ಲಿದ್ದ ಒಂಟಿ ಮರ ಎಲ್ಲಿ? ಯಾರು ತೆಗೆ ಅಂದ್ರು ನಿಂಗೆ?”

“ನಾನು ತೆಗೀಲಿಲ್ಲ. ಮರ ಹೋದ ಮಳೆಗಾಲದಲ್ಲೇ ಬಿತ್ತು.”

“ಎದುರು ಮಾತಾಡ್ಬೇಡ. ನಾನು ಹೋಗಿ ನಿಂತು ತೆಗೆದೋನು, ನಂಗೊತ್ತಿಲ್ವಾ? ಕೈಗೆ ಮೌಸ್ ಕೊಟ್ರೆ ಊರೆಲ್ಲ ಅಳಿಸ್ತಾಳೆ, ಸಾರ್. ಗಂಡನ ಮನೇನೂ ಹಂಗೇ ಅಳಿಸ್ಕೊಂಡು ಬಂದಿದ್ದು.”

ಅಧಿಕಾರಿ ನಕ್ಕರು. ಅವರಿಗೇನು, ಬಿಟ್ಟಿ ತಮಾಷೆ. ರಬ್ಬರಕ್ಕ ಒಳಗೆ ಹೋಗಿ ಕೂತಳು. ಅಣ್ಣ ಊಟಕ್ಕೆ ಮನೆಗೆ ಹೋದ. ಅವಳು ಹೋಗಲಿಲ್ಲ. ಅವನ ಗುಡ್ಡವನ್ನು ಪರದೆಯ ಮೇಲೆ ತೆರೆದಳು. ಅಳಿಸ್ತೀನಾ? ಸರಿ, ಅಳಿಸಿಯೇ ತೋರಿಸ್ತೀನಿ ಎಂದು ಹೊರಟಳು. ಉಳಿದಿದ್ದ ಮರಗಳು ಹೋದವು. ಬಂಡೆಗಳು, ಮೊಬೈಲ್ ಗೋಪುರ, ದಾರಿ, ಕೆರೆಯ ಅಂಚಿನ ಕಲ್ಲುಗಳು ಹೋದವು. ಮಂಜಿನ ಬಣ್ಣವನ್ನು ಒಂದು ಚುಕ್ಕೆಯಷ್ಟು ಎತ್ತಿ, ಎಳೆದು ಎಳೆದು ಇಡೀ ಕೆಳಭಾಗಕ್ಕೆ ಹರಡಿದಳು. ಆಕಾಶವನ್ನು ಹಿಂಡಿ ಒಂದು ಪಟ್ಟಿ ಮಾಡಿದಳು. ಕೊನೆಗೆ ಪರದೆಯ ಮೇಲೆ ಗುಡ್ಡವೂ ಇರಲಿಲ್ಲ, ಕೆರೆಯೂ ಇರಲಿಲ್ಲ. ಬೂದಿ, ಕಿತ್ತಳೆ, ಕಡುನೀಲಿ, ಮೂರು ಬಣ್ಣಗಳು ಒಂದರ ಮೇಲೊಂದು ಮಲಗಿದ್ದವು. ಅವುಗಳ ನಡುವೆ ಎಡಕ್ಕೆ ಇಳಿಯುವ ಒಂದೇ ಒಂದು ಬಾಗು ಉಳಿದಿತ್ತು. ಅದನ್ನು ಅಳಿಸಲು ಅವಳಿಗೆ ಮನಸ್ಸಾಗಲಿಲ್ಲ.

ಸಿಟ್ಟಿನಲ್ಲಿ ಕೂತವಳು ಎದ್ದಾಗ ಸಿಟ್ಟು ಇರಲಿಲ್ಲ. ಅದು ಎಲ್ಲಿ ಹೋಯಿತು ಎಂದು ಅವಳಿಗೇ ಆಶ್ಚರ್ಯ. ಸಿಟ್ಟಿಲ್ಲದೆ ಅಣ್ಣನ ಎದುರು ಸಂಜೆಯ ತನಕ ಹೇಗೆ ಕೂರುವುದು ಎಂದು ಯೋಚನೆಯೂ ಆಯಿತು. ಅವನು ಬಂದು ಎರಡು ಮಾತಾಡಿದ ಮೇಲೆ ಆ ಯೋಚನೆ ಉಳಿಯಲಿಲ್ಲ.

ಅಲ್ಲಿಂದ ಅವಳಿಗೆ ಅದೇ ಕೆಲಸವಾಯಿತು. ಹಳೆಯ ವರ್ಷಗಳ ಗುಡ್ಡಗಳನ್ನೆಲ್ಲ ಒಂದೊಂದಾಗಿ ತೆರೆದು, ಏನೇನು ತೆಗೆದರೂ ಏನು ಉಳಿಯುತ್ತದೆ ಎಂದು ನೋಡುವುದು. ಕೆಲವನ್ನು ಎಣ್ಣೆಕಾಗದದಷ್ಟು ತೆಳುಮಾಡಿ ಒಂದರ ಮೇಲೊಂದು ಇಟ್ಟಳು. ಕೆಲವುಗಳಲ್ಲಿ ನೀರಿನ ಒಂದು ಚೂರನ್ನೇ ಗೋಡೆಯಷ್ಟು ದೊಡ್ಡದು ಮಾಡಿದಳು. ಎಲ್ಲದರಲ್ಲೂ ಆ ಬಾಗು ಬಂದೇ ಬರುತ್ತಿತ್ತು. ಪೇಪರ್ ರೋಲಿನ ಕೊನೆಯಲ್ಲಿ ಉಳಿಯುವ ತುಂಡುಗಳ ಮೇಲೆ ಅಚ್ಚು ಹಾಕಿ ಪ್ಲೈವುಡ್ ಗೋಡೆಗೆ ಟೇಪಿನಿಂದ ಅಂಟಿಸಿಕೊಂಡಳು. ಜೀವನದಲ್ಲಿ ಮೊದಲ ಸಲ ಅವಳು ಕೂರುವ ಕಡೆ ಅವಳದು ಎನ್ನುವಂಥದ್ದೊಂದು ಇತ್ತು.

ಗುಡ್ಡಪ್ಪ ಅವುಗಳನ್ನು ಮೊದಲು ಕಂಡಾಗ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿಯನ್ನೂ ಕರೆಸಿ ತೋರಿಸಿದ. “ಬೆಟ್ಟ ಅಗೆದು ಇಲಿ ಹಿಡಿದಿದ್ದಾಳೆ ನೋಡು. ಇಲಿನೂ ಸತ್ತಿದೆ.”

ಅತ್ತಿಗೆ ಮೂಗಿನ ಹತ್ತಿರ ಬೆರಳಿಟ್ಟುಕೊಂಡು, “ಮಗು ಕಕ್ಕಿಕೊಂಡ ಹಾಗಿದೆ” ಎಂದಳು.

“ನಿಮ್ಮ ಅಡುಗೆ ತಿಂದ ಮಗು ಇರ್ಬೇಕು” ಎಂದಳು ರಬ್ಬರಕ್ಕ.

ನಗುವ ತನಕ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ಡ್ರಾಯಿಂಗ್ ಟೀಚರ್ ಪಾಸ್‌ಪೋರ್ಟ್ ಫೋಟೋಗೆ ಬಂದಾಗ. ಶಾಲೆಯಿಂದ ನಿವೃತ್ತರಾದ ಮೇಲೆ ಈಕೆ ಪ್ರತಿ ವರ್ಷ ಗ್ರಂಥಾಲಯದ ಮೇಲಿನ ಹಾಲಿನಲ್ಲಿ ಒಂದು ಚಿತ್ರ ಪ್ರದರ್ಶನ ನಡೆಸುತ್ತಿದ್ದರು. ತಮ್ಮ ಸುಕ್ಕುಗಳನ್ನು ಹಾಗೇ ಬಿಡಬೇಕೆಂದು ಹೇಳಲು ಪ್ಲೈವುಡ್ಡಿನ ಆಚೆ ಬಂದವರು ಅಲ್ಲೇ ನಿಂತುಬಿಟ್ಟರು. ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ನೋಡಿದರು.

“ಯಾರು ಮಾಡಿದ್ದು ಇದು?”

“ನಾನೇ. ಯಾಕೆ, ತಪ್ಪಾಯ್ತಾ?”

“ಇದನ್ನ ಹಾಲ್‌ನಲ್ಲಿ ಹಾಕ್ತೀನಿ. ದೊಡ್ಡದಾಗಿ ಪ್ರಿಂಟ್ ಮಾಡಿಸಿ. ಹೆಸರು ಹೇಳಿ, ಚಿತ್ರದ ಕೆಳಗೆ ಹಾಕೋ ಕಾರ್ಡ್ ಬರೆಸ್ಬೇಕು.”

ರಬ್ಬರಕ್ಕ ಹೆಸರು ಹೇಳಿದಳು. ಹೇಳಿ ಅಭ್ಯಾಸ ತಪ್ಪಿದ್ದರಿಂದ ಎರಡು ಸಲ ಹೇಳಬೇಕಾಯಿತು. ಮುಂಭಾಗದಿಂದ ಗುಡ್ಡಪ್ಪ, “ಅವಳಿಗೊಂದು ಹೆಸರಿದೆ ಅನ್ನೋದು ನಂಗೇ ಮರ್ತುಹೋಗಿತ್ತು, ಟೀಚರ್” ಎಂದು ನಕ್ಕ. ಆಮೇಲೆ ಸ್ವಲ್ಪ ಸ್ವರ ಇಳಿಸಿ, “ಹಾಗಾದ್ರೆ ಈ ವರ್ಷ ನನ್ನ ಗುಡ್ಡಾನೂ ಹಾಕ್ತೀರಿ ತಾನೆ?” ಎಂದು ಕೇಳಿದ. ಈ ಪ್ರಶ್ನೆಯನ್ನು ಅವನು ಪ್ರತಿ ವರ್ಷವೂ ಕೇಳುತ್ತಿದ್ದ.

“ನಿಮ್ಮ ಗುಡ್ಡ ಎಲ್ಲರ ಮನೇಲೂ ಇದೆಯಲ್ಲಪ್ಪ. ಅದನ್ನ ನೋಡೋಕೆ ಮೆಟ್ಟಿಲು ಹತ್ತಿ ಯಾಕೆ ಬರ್ತಾರೆ?” ಎಂದರು ಟೀಚರ್. ಒಳ್ಳೆಯ ಹೆಂಗಸು. ಆದರೆ ಒಳ್ಳೆಯವರು ಹಚ್ಚುವ ಬೆಂಕಿಯನ್ನು ಆರಿಸುವುದು ಬಹಳ ಕಷ್ಟ.

ಆ ಕ್ಷಣದಿಂದ ಗುಡ್ಡಪ್ಪನಿಗೆ ಆ ಚಿತ್ರಗಳು ಕಕ್ಕಿದ್ದಲ್ಲ, ಕದ್ದದ್ದು. ಗುಡ್ಡ ನನ್ನದು, ಬೆಳಕು ನನ್ನದು, ಚಳಿಯಲ್ಲಿ ನಡುಗಿದ ಮೈ ನನ್ನದು, ಕಂಪ್ಯೂಟರಿನ ಕರೆಂಟೂ ನನ್ನದು ಎಂದ. ಅದರಲ್ಲಿ ಸುಳ್ಳೇನಿರಲಿಲ್ಲ. ರಬ್ಬರಕ್ಕ ಮಾತು ಬಿಟ್ಟಳು. ಅವನೂ ಬಿಟ್ಟ. ಆದರೆ ಜಗಳ ಬಿಡಲಾಗುತ್ತದೆಯೇ, ಅದು ಗಿರಾಕಿಗಳ ಮೂಲಕ ನಡೆಯಿತು. ನೀಲಿ ಪರದೆಯ ಮುಂದೆ ಯಾರೋ ಪಾಪದವರು ಉಸಿರು ಕಟ್ಟಿ ಕೂತಿರುವರು. “ನೇರ ನೋಡಿ. ಇನ್ನೊಬ್ಬರ ತಲೆ ಮೇಲೆ ಕೂತು ತಲೆ ಎತ್ತಬಾರದು” ಎಂದು ಗುಡ್ಡಪ್ಪ ಕ್ಯಾಮೆರಾದ ಹಿಂದಿನಿಂದ ಹೇಳುವನು. ಪ್ಲೈವುಡ್ಡಿನ ಆಚೆಯಿಂದ ಉತ್ತರ ಬರುವುದು: “ಕಣ್ಣು ಬಿಟ್ಕೊಂಡಿರಿ ಸಾರ್. ಫೋಟೋ ತೆಗೆಯೋರು ಬಿಡದೇ ಇದ್ರೂ ಪರವಾಗಿಲ್ಲ.” ಗಿರಾಕಿಗೆ ಕಣ್ಣು ಬಿಡಬೇಕೋ ಮುಚ್ಚಬೇಕೋ ತಿಳಿಯದೆ ಫೋಟೋ ಕೆಡುವುದು. ಅದನ್ನು ಸರಿಮಾಡುವ ಕೆಲಸ ಮತ್ತೆ ರಬ್ಬರಕ್ಕನಿಗೇ.

ಒಂದು ಬೆಳಗ್ಗೆ ಕಂಪ್ಯೂಟರ್ ತೆರೆಯಲಿಲ್ಲ. ಅಣ್ಣ ಪಾಸ್‌ವರ್ಡ್ ಬದಲಾಯಿಸಿದ್ದ. ಅವಳು ನಕ್ಕಳು. ಯಾರನ್ನೂ ನಂಬದವಳು, ಇಷ್ಟು ವರ್ಷದ ಗುಡ್ಡಗಳನ್ನೆಲ್ಲ, ಅವನು ತಂದುಕೊಟ್ಟ ಹಾಗೆ ಮತ್ತು ತಾನು ತಿದ್ದಿದ ಹಾಗೆ, ಬೀಗದ ಕೈಗೊಂಚಲಿಗೆ ಸಿಕ್ಕಿಸಿದ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದಳು. ಬಸ್ಸು ಹತ್ತಿ ಪಕ್ಕದ ಊರಿನ ಲ್ಯಾಬಿನಲ್ಲಿ ಪ್ರಿಂಟು ಹಾಕಿಸಿದಳು.

ಪ್ರದರ್ಶನದ ಹಿಂದಿನ ದಿನ ಊಟದ ಹೊತ್ತಿಗೆ ಅಣ್ಣ ಮೌನ ಮುರಿದ.

“ಕಾರ್ಡಿನ ಮೇಲೆ ನನ್ನ ಹೆಸರು ಬರ್ಬೇಕು. ಕೆಳಗೆ ಚಿಕ್ಕದಾಗಿ ‘ಸಹಾಯ’ ಅಂತ ನಿಂದೂ ಹಾಕ್ಸು, ಬೇಡ ಅನ್ನಲ್ಲ.”

“ಚಿಕ್ಕದಾಗಿ ಬೇಕಾದಷ್ಟು ವರ್ಷ ಇದ್ದೀನಿ ಅಣ್ಣ. ಸಾಕಾಯ್ತು.”

“ಹಾಗಾದ್ರೆ ನಾಳೆ ನಾನೇ ಬಂದು ಆ ಕಾರ್ಡ್ ಕಿತ್ತುಹಾಕ್ತೀನಿ. ಆಮೇಲೆ ಈ ಮನೆ ಕಡೆ ತಿರುಗಿ ನೋಡ್ಬೇಡ.”

“ಸೂಟ್‌ಕೇಸ್ ಅಟ್ಟದ ಮೇಲಿದೆ” ಎಂದು ಅತ್ತಿಗೆ ನೆನಪಿಸಿದಳು.

ರಬ್ಬರಕ್ಕನಿಗೆ ಅಂದು ಊಟ ಸೇರಲಿಲ್ಲ. ಹೆದರಿಕೆಯಾಗಿತ್ತು. ಈ ವಯಸ್ಸಿನಲ್ಲಿ ಮತ್ತೆ ಸೂಟ್‌ಕೇಸ್ ಹಿಡಿದರೆ ಹೋಗಲು ಇನ್ನೊಂದು ಅಣ್ಣನ ಮನೆ ಇರಲಿಲ್ಲ. ಆದರೂ ಅವಳಿಗೆ ಆ ಕಾರ್ಡು ಬೇಕಿತ್ತು. ಅಂಗೈಯಗಲದ ಬಿಳಿ ಕಾರ್ಡು, ಅದರ ಮೇಲೆ ಅವಳ ಹೆಸರು, ಮೇಲೂ ಕೆಳಗೂ ಬೇರೆ ಯಾರದೂ ಇಲ್ಲ. ಇಷ್ಟು ವರ್ಷ ಕೈಯಿಂದ ಮಾಡಿದ ಕೆಲಸವೆಲ್ಲ ಕಾಣಿಸಬಾರದ ಕೆಲಸ. ಕಂಡರೆ ಕೆಟ್ಟಿತು ಎಂದರ್ಥ. ಒಂದನ್ನಾದರೂ ಜನ ನೋಡಿ, ಇದು ಇವಳು ಮಾಡಿದ್ದು ಎನ್ನಲಿ ಎಂಬ ಆಸೆ ಹೊಟ್ಟೆಯಲ್ಲಿ ಹಸಿವಿನಷ್ಟೇ ಗಟ್ಟಿಯಾಗಿತ್ತು.

ಹಾಲಿನಲ್ಲಿ ಜನ ಚೆನ್ನಾಗಿಯೇ ಸೇರಿದ್ದರು. ಉದ್ದನೆಯ ಕೋಣೆ, ಒಂದು ಕಡೆ ಎತ್ತರದ ಕಿಟಕಿಗಳು, ಮತ್ತೊಂದು ಕಡೆ ಅವಳ ಚಿತ್ರಗಳು. ಪ್ರತಿಯೊಂದರ ಕೆಳಗೂ ಕಾರ್ಡು. ಮೂಲೆಯಲ್ಲಿ ಟೀಚರ್ ತಮ್ಮ ಭಾಷಣಕ್ಕೆಂದು ಲ್ಯಾಪ್‌ಟಾಪು, ಪ್ರೊಜೆಕ್ಟರು, ಬಿಳಿ ಪರದೆ ಸಿದ್ಧ ಮಾಡಿಟ್ಟಿದ್ದರು. ಜನ ತಲೆ ವಾಲಿಸಿ, ಹಿಂದೆ ಸರಿದು, ಮುಂದೆ ಬಂದು ನೋಡಿದರು. “ಯಾವ ಕಡೆ ಮೇಲೆ?” ಎಂದು ಕ್ಷೌರಿಕ ಕೇಳಿದ. “ನಿಮ್ಮ ತಲೆ ಇರೋ ಕಡೆ” ಎಂದಳು ರಬ್ಬರಕ್ಕ. ಆದರೆ ಅವನು ಬೂದುಬಣ್ಣದ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಯಾಕೋ ಗೊತ್ತಿಲ್ಲ, ಮನಸ್ಸಿಗೆ ತಂಪಾಗುತ್ತೆ ಎಂದ. ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು, ಧೂಳು ಎಂದು ಗೊಣಗಿದಳು.

ಅಷ್ಟರಲ್ಲಿ ಗುಡ್ಡಪ್ಪ ಬಂದ. ಕಂಕುಳಲ್ಲಿ ಕ್ಯಾಲೆಂಡರುಗಳ ಸುರುಳಿ, ಹಿಂದೆ ಹೆಂಡತಿ. ಹಾಲಿನ ನಡುವೆ ನಿಂತು ದೊಡ್ಡ ದನಿಯಲ್ಲಿ, “ಇಲ್ಲಿ ತೂಗುಹಾಕಿರೋದೆಲ್ಲ ಕಳ್ಳಮಾಲು” ಎಂದ. ಟೀಚರ್ ಓಡಿ ಬಂದರು.

“ನಿಮ್ಮ ಫೋಟೋ ಅಂತ ಹೇಗೆ ಹೇಳ್ತೀರಪ್ಪ? ಇದರಲ್ಲಿ ಗುಡ್ಡಾನೇ ಕಾಣಲ್ಲವಲ್ಲ.”

“ನಿಮಗೆ ಕಾಣಲ್ಲ. ಹೆತ್ತವರಿಗೆ ಕಾಣುತ್ತೆ.” ಅವನು ಒಂದು ಕ್ಯಾಲೆಂಡರ್ ಬಿಚ್ಚಿ ಚಿತ್ರದ ಪಕ್ಕ ಹಿಡಿದ. ಬೆರಳನ್ನು ಗುಡ್ಡದ ನೆತ್ತಿಯಿಂದ ಎಡಕ್ಕೆ ನಿಧಾನವಾಗಿ ಇಳಿಸಿದ. ಅದೇ ಬೆರಳನ್ನು ತಂಗಿಯ ಚಿತ್ರದ ಬಾಗಿನ ಮೇಲೂ ಇಳಿಸಿದ. ಎರಡೂ ಒಂದೇ. “ಈ ಹೆಗಲು ನೋಡಿ. ಬೇರೆ ಯಾವ ಗುಡ್ಡಕ್ಕೂ ಇಂಥ ಹೆಗಲಿಲ್ಲ. ಇವಳ ಪ್ರತಿ ಚಿತ್ರದಲ್ಲೂ ಇದೇ ಇದೆ. ಬಣ್ಣ ಏನಾದ್ರೂ ಬಳ್ಕೊಂಡಿರ್ಲಿ, ಮೂಳೆ ನಂದು.”

ಜನ ಗೋಣು ಹಾಕಿದರು. ಕಣ್ಣಿಗೆ ಕಾಣುವ ಸಾಕ್ಷಿ. ಮುಂದಿನ ಚಿತ್ರದಲ್ಲೂ ಅದೇ ಬಾಗು, ಅದರ ಮುಂದಿನದರಲ್ಲೂ ಅದೇ. ಅತ್ತಿಗೆ ಎಲ್ಲರ ಮುಖ ನೋಡಿಕೊಂಡು ಮುಗುಳ್ನಕ್ಕಳು. ಟೀಚರ್ ಮೂರು ಚಿತ್ರ ನೋಡಿ ಬಂದು, “ಇದು ಸ್ವಲ್ಪ ಯೋಚನೆ ಮಾಡ್ಬೇಕಾದ ವಿಷಯ” ಎಂದು ಮೊದಲ ಕಾರ್ಡಿಗೆ ಕೈ ಹಾಕಿದರು.

ರಬ್ಬರಕ್ಕನ ಕೈ ಬೀಗದ ಕೈಗೊಂಚಲಿನ ಮೇಲೆ ಇತ್ತು. ಪೆನ್‌ಡ್ರೈವ್ ತೋರಿಸಿದರೆ ಅಣ್ಣನ ಕಥೆ ಮುಗಿಯಿತು. ಅವನಿಗೆ ಊರಿನಲ್ಲಿ ಇದ್ದದ್ದು ಒಂದೇ ಒಂದು ಮರ್ಯಾದೆ, ಆ ಗುಡ್ಡ. ಅದನ್ನು ಅವಳು ಚೆನ್ನಾಗಿ ಬಲ್ಲಳು. ಅವನ ಬೆರಳು ಇನ್ನೂ ಬಾಗಿನ ಮೇಲೇ ಇತ್ತು. ಟೀಚರ್ ಬೆರಳು ಕಾರ್ಡಿನ ಅಂಚನ್ನು ಎತ್ತುತ್ತಿತ್ತು.

“ಅಣ್ಣ, ಆ ಹೆಗಲು ನೀನು ತೆಗೆದದ್ದೇ? ಇನ್ನೊಂದ್ಸಲ ಹೇಳು.”

“ನೂರು ಸಲ ಹೇಳ್ತೀನಿ. ನಾನೇ ತೆಗೆದದ್ದು.”

ಅವಳು ಮೂಲೆಗೆ ಹೋಗಿ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಬಿಳಿ ಪರದೆಯ ಮೇಲೆ ಗುಡ್ಡ ಬಂತು. ಈ ವರ್ಷದ್ದು, ಕ್ಯಾಮೆರಾದಿಂದ ಬಂದ ಹಾಗೆಯೇ. ಅದೇ ಮಂಜು, ಅದೇ ಕಿತ್ತಳೆ ಬೆಳಕು. ನೆತ್ತಿಯಿಂದ ಎಡಕ್ಕೆ ಏನೂ ಇರಲಿಲ್ಲ. ಚಾಕುವಿನಲ್ಲಿ ಕೊಯ್ದ ಹಾಗೆ ನೇರ ಗೋಡೆ, ಕೆಳಗೆ ಬಿಳಿ ಮೆಟ್ಟಿಲುಗಳು, ಮೆಟ್ಟಿಲ ಮೇಲೆ ಇರುವೆಯಷ್ಟು ಲಾರಿಗಳು.

“ಇದು ನೀನು ತೆಗೆದದ್ದು” ಎಂದಳು. ಗುಂಡಿ ಒತ್ತಿದಳು. ಕ್ಯಾಲೆಂಡರಿನ ಗುಡ್ಡ ಬಂತು, ಹೆಗಲು ಸಮೇತ. “ಇದು ನಾನು ತುಂಬಿದ್ದು.” ಹಿಂದಿನ ವರ್ಷದ್ದು ತೋರಿಸಿದಳು, ಅದರ ಹಿಂದಿನದು ತೋರಿಸಿದಳು. ತೆಗೆದದ್ದು, ತುಂಬಿದ್ದು. ತೆಗೆದದ್ದು, ತುಂಬಿದ್ದು.

“ಇದು ಬೇರೆ ಗುಡ್ಡ” ಎಂದ ಗುಡ್ಡಪ್ಪ. ನಾಟಕವಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದ. “ಎಲ್ಲಿಂದ ತಂದೆ ಇದನ್ನ?”

ಯಾರೋ ಒಬ್ಬರು ಕಿಟಕಿಯ ಕಡೆ ಹೋದರು. ಆಮೇಲೆ ಎಲ್ಲರೂ ಹೋದರು. ಮನೆಗಳ ಸೂರಿನ ಆಚೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಗುಡ್ಡ ನಿಂತಿತ್ತು, ಅರ್ಧ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಈ ಊರಿಗೆ ಕನ್ನಡಿ ಸಾಲದೆ ಪ್ರೊಜೆಕ್ಟರ್ ಬೇಕಾಯಿತು. ಗುಡ್ಡಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಕಿಟಕಿಯ ಸರಳನ್ನು ಹಿಡಿದು ನೋಡಿದ. ಅವನ ಕಂಕುಳಿನಿಂದ ಕ್ಯಾಲೆಂಡರುಗಳು ಜಾರಿ ಬಿದ್ದವು, ಎತ್ತಿಕೊಳ್ಳಲಿಲ್ಲ. “ಮನೆಗೆ ನಡೀರಿ” ಎಂದು ಹೆಂಡತಿ ತೋಳು ಹಿಡಿದಳು. ಅವನು ಅಲುಗಾಡಲಿಲ್ಲ.

ರಬ್ಬರಕ್ಕನಿಗೆ ಖುಷಿಯಾಯಿತು. ಮುಚ್ಚಿಡುವುದೇಕೆ, ಬಹಳ ಖುಷಿಯಾಯಿತು. ಅಷ್ಟು ವರ್ಷ ಪ್ಲೈವುಡ್ಡಿನ ಹಿಂದೆ ಕೂತ ಬಾಯಿ ಈಗ ಪೂರ್ತಿ ತೆರೆಯಿತು.

“ನೋಡಿದ್ರಲ್ಲ? ಹೆಗಲು ಇವನು ತೆಗೀಲಿಲ್ಲ. ಅದರಲ್ಲಿರೋ ಒಂದೊಂದು ಕಲ್ಲೂ ನಾನಿಟ್ಟಿದ್ದು. ಪ್ರತಿ ವರ್ಷ, ಯಾರೂ ಹೇಳದೆ, ಯಾರಿಗೂ ಗೊತ್ತಾಗದ ಹಾಗೆ. ಇವನಿಗೇ ಗೊತ್ತಾಗ್ಲಿಲ್ಲ! ನೀವೆಲ್ಲ ಗೋಡೆ ಮೇಲೆ ಹಾಕ್ಕೊಂಡು ಚೆಂದ ಚೆಂದ ಅಂದ್ರಲ್ಲ, ಆ ಚೆಂದ ನಂದು. ಪೂರ್ತಿ ನಂದೊಬ್ಬಳದೇ.”

ಟೀಚರ್ ಕಾರ್ಡಿನ ಅಂಚನ್ನು ಮತ್ತೆ ಒತ್ತಿ ಅಂಟಿಸಿದರು. ಇಬ್ಬರು ಚಪ್ಪಾಳೆ ತಟ್ಟಿದರು. ಕ್ಷೌರಿಕ ತಟ್ಟಲಿಲ್ಲ, ಅವನು ಇನ್ನೂ ಕಿಟಕಿಯ ಹತ್ತಿರ ಇದ್ದ.

ಬಾಗಿಲ ಬಳಿ ಬಟ್ಟೆ ಚೀಲ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಕೆಳಗಿನ ಓದುವ ಕೋಣೆಗೆ ಪತ್ರಿಕೆಯಲ್ಲಿ ಕೆಲಸದ ಜಾಹೀರಾತು ನೋಡಲು ಬಂದವಳು, ಗಲಾಟೆ ಕೇಳಿ ಮೇಲೆ ಹತ್ತಿದ್ದಳು. ಅವಳು ಕಿಟಕಿಯ ಕಡೆ ಹೋಗಲಿಲ್ಲ. ಪರದೆಯ ಹತ್ತಿರ ಬಂದು, ಕೊಯ್ದ ಗೋಡೆಯ ಕೆಳಗೆ ಒಂದು ಕಡೆ ಬೆರಳಿಟ್ಟಳು.

“ನಮ್ಮನೆ ಇಲ್ಲಿತ್ತು” ಎಂದಳು.

ಕಿಟಕಿಯ ಹತ್ತಿರ ಇದ್ದವರು ಇತ್ತ ತಿರುಗಿದರು.

“ಗಣಿಯಲ್ಲಿ ಮದ್ದು ಸಿಡಿಸಿದಾಗಲೆಲ್ಲ ಗೋಡೆ ಬಿರುಕು ಬಿಡ್ತಿತ್ತು. ತಾಲ್ಲೂಕು ಆಫೀಸಿಗೆ ಹೋಗಿ ಹೇಳ್ದೆ. ಅಲ್ಲಿದ್ದ ದೊಡ್ಡೋರು ಎದ್ದೂ ನೋಡ್ಲಿಲ್ಲ. ಗೋಡೆ ಮೇಲಿದ್ದ ಕ್ಯಾಲೆಂಡರ್ ತೋರಿಸಿ, ‘ಈ ವರ್ಷದ್ದೇ ಅಲ್ವೇನಮ್ಮ ಇದು? ಗುಡ್ಡ ಇದ್ದ ಹಾಗೇ ಇದೆಯಲ್ಲ, ಯಾಕೆ ಸುಳ್ಳು ಹೇಳ್ತೀಯ’ ಅಂದ್ರು. ಮರುವರ್ಷ ಮತ್ತೆ ಹೋದೆ. ಹೊಸ ಕ್ಯಾಲೆಂಡರ್ ತೋರಿಸಿದ್ರು. ಆಮೇಲೆ ಗೋಡೆ ಬಿತ್ತು. ನಮ್ಮ ಯಜಮಾನ್ರು ಅದರಡಿ ಸಿಕ್ಕಿ, ಈಗ ಅವರಿಗೆ ಒಂದು ಕಾಲಿಲ್ಲ.” ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. ರಬ್ಬರಕ್ಕನ ಕಡೆ ತಿರುಗಿದಳು. “ಅದನ್ನ ತುಂಬ್ತಿದ್ದೋರು ನೀವೇನಾ? ನೀವೊಬ್ರೇನಾ?”

ಮೊದಲ ವರ್ಷ ಅಣ್ಣ ಹೇಳಿದ್ದು ಎಂಬ ಮಾತು ರಬ್ಬರಕ್ಕನ ನಾಲಿಗೆಯ ತುದಿಗೆ ಬಂತು. ಆದರೆ ಯಾರೂ ಹೇಳದೆ ಮಾಡಿದೆ ಎಂದು ಈಗಷ್ಟೇ ಇಡೀ ಹಾಲಿಗೆ ಕೂಗಿ ಹೇಳಿದವಳು ಅವಳೇ. ಅವಳು ಅಣ್ಣನ ಕಡೆ ನೋಡಿದಳು. ಅವನು ಒಂದು ಮಾತು ಹೇಳಿದರೆ ಸಾಕಿತ್ತು, ನಾನೇ ತುಂಬಿಸು ಅಂದದ್ದು ಎಂದು. ಗ್ರಹಚಾರಕ್ಕೆ ಅವನಿಗೂ ಅದು ನೆನಪಾಗಿತ್ತು. ಅವನ ಕಣ್ಣು ನೋಡಿಯೇ ಅವಳಿಗೆ ತಿಳಿಯಿತು.

ಗುಡ್ಡಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

“ಅವಳೊಬ್ಬಳದೇ ಅಮ್ಮ” ಎಂದ. “ಪೂರ್ತಿ ಅವಳದೇ. ಹೆಸರು ಅಲ್ಲಿ ಬರೆದಿದ್ದಾರೆ, ಓದ್ಕೊಳ್ಳಿ.”

ಹೆಂಗಸು ಗೋಡೆಯ ಹತ್ತಿರ ಹೋದಳು. ಓದುವುದು ಅವಳಿಗೆ ಅಷ್ಟು ಸಲೀಸಿರಲಿಲ್ಲ. ಕಾರ್ಡಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ರಬ್ಬರಕ್ಕನ ಹೆಸರನ್ನು ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದಿದಳು. ಸರಿಯಾಯಿತೇ ಎಂದು ಕೇಳುವವಳ ಹಾಗೆ ತಿರುಗಿ ನೋಡಿದಳು. ರಬ್ಬರಕ್ಕ ತಲೆಯಾಡಿಸಿದಳು.

“ನೆನಪಿಟ್ಕೋತೀನಿ” ಎಂದು ಹೇಳಿ ಅವಳು ಮೆಟ್ಟಿಲಿಳಿದು ಹೋದಳು.